ದೋಷ ಒಂದೆಡೆ, ದೂರು ಇನ್ನೊಂದೆಡೆ: ಸೋರ್ಸ್ ಕೋಡಿನಿಂದ ಒಂದು ಲಿನಕ್ಸ್ ಕಟ್ಟಿದ ಪ್ರಕರಣ

ದಾವಣಗೆರೆಯ ನಮ್ಮ ಮನೆಯ ಮಹಡಿ ಕೋಣೆಯಲ್ಲಿ ಸೆಕೆಂಡ್ ಹ್ಯಾಂಡ್ ಆಗಿ ಕೊಂಡ ಒಂದು ಡೆಸ್ಕ್‌ಟಾಪ್ ಇದೆ. ನಾಲ್ಕು ಕೋರ್‌ಗಳ ಪ್ರೊಸೆಸರ್, 4 ಜಿಬಿ ರ‍್ಯಾಮ್, 256 ಜಿಬಿಯ ಎನ್‌ವಿಎಂಇ ಎಸ್‌ಎಸ್‌ಡಿ, ಅದರ ಮೇಲೆ ಡೆಬಿಯನ್ 12 ಎಂಬ ಸಿದ್ಧ ಲಿನಕ್ಸ್. ಅದೇ ಡಿಸ್ಕಿನ ಮೂರನೆಯ ಪಾರ್ಟಿಷನ್ನಿನಲ್ಲಿ 30 ಜಿಬಿ ಜಾಗ ಮಾಡಿಕೊಂಡು, ಸಿದ್ಧ ಪ್ಯಾಕೇಜುಗಳನ್ನು ಮುಟ್ಟದೆ, ಎಲ್ಲವನ್ನೂ ಸೋರ್ಸ್ ಕೋಡಿನಿಂದಲೇ (ಪ್ರೋಗ್ರಾಮರುಗಳು ಬರೆದ ಮೂಲ ಪಠ್ಯದಿಂದಲೇ) ಕಂಪೈಲ್ ಮಾಡಿ, ಅಂದರೆ ಯಂತ್ರ ಓಡಿಸಬಲ್ಲ ರೂಪಕ್ಕೆ ತಂದು, ಕನ್ನಡವನ್ನು ಒತ್ತಕ್ಷರ ಸಮೇತ ಸರಿಯಾಗಿ ತೋರಿಸುವ ಒಂದು ಲಿನಕ್ಸ್ ವ್ಯವಸ್ಥೆಯನ್ನು ಕಟ್ಟಬೇಕೆಂಬುದು ನನ್ನ ಉದ್ದೇಶವಾಗಿತ್ತು. ಕೆಲಸವೆಲ್ಲ ಸಂಜೆಯ ಹೊತ್ತಿನದು. ಜೊತೆಗಿದ್ದವನು ಎಂಜಿನಿಯರಿಂಗ್ ಓದುತ್ತಿರುವ ಅಕ್ಕನ ಮಗ.

ದಾರಿ ತೋರಿಸಿದ್ದು ಲಿನಕ್ಸ್ ಫ್ರಮ್ ಸ್ಕ್ರ್ಯಾಚ್ ಎಂಬ ಕೈಪಿಡಿ. ಗೆರಾರ್ಡ್ ಬೀಕ್‌ಮನ್ಸ್ 1999ರಲ್ಲಿ ಆರಂಭಿಸಿದ ಈ ಯೋಜನೆ ವರ್ಷಕ್ಕೆ ಎರಡು ಬಾರಿಯಂತೆ ಹೊಸ ಆವೃತ್ತಿ ಹೊರತರುತ್ತದೆ. ನಾವು ಬಳಸಿದ್ದು 2024ರ ಸೆಪ್ಟೆಂಬರಿನಲ್ಲಿ ಬಂದ 12.2. ಅದರಲ್ಲಿದ್ದದ್ದು ಬಿನ್‌ಯುಟಿಲ್ಸ್ 2.43.1 (ಕಂಪೈಲ್ ಆದ ತುಣುಕುಗಳನ್ನು ಜೋಡಿಸುವ ಉಪಕರಣಗಳು), ಜಿಸಿಸಿ 14.2.0 (ಕಂಪೈಲರ್), ಜಿಲಿಬ್‌ಸಿ 2.40 (ಬಹುತೇಕ ಪ್ರೋಗ್ರಾಮುಗಳು ನೆಚ್ಚುವ ಲೈಬ್ರರಿ) ಮತ್ತು ಕರ್ನಲ್ 6.10.5 (ಯಂತ್ರವನ್ನು ನಿಭಾಯಿಸುವ ತಿರುಳು). ಕೈಪಿಡಿಯ ಹಂತಗಳನ್ನೆಲ್ಲ ಇಲ್ಲಿ ಮರಳಿ ಹೇಳುವ ಅಗತ್ಯವಿಲ್ಲ. ಕೆಲಸ ನಿಂತಾಗಲೆಲ್ಲ ನೋಟ್‌ಬುಕ್ಕಿನ ಎಡ ಪುಟದಲ್ಲಿ ಪರದೆ ಏನು ಹೇಳಿತೆಂದೂ ಬಲ ಪುಟದಲ್ಲಿ ತಪ್ಪು ನಿಜವಾಗಿ ಎಲ್ಲಿತ್ತೆಂದೂ ಬರೆದಿಟ್ಟಿದ್ದೆ. ಕೊನೆಗೆ ನೋಡಿದರೆ ಎರಡು ಪುಟಗಳು ಒಂದಕ್ಕೊಂದು ತಾಳೆಯಾದದ್ದು ಬಹಳ ಕಡಿಮೆ. ಈ ಬರಹ ಆ ನೋಟ್‌ಬುಕ್ಕಿನದು.

ಮೊದಲ ಸಂಜೆ ಪೂರ್ವಸಿದ್ಧತೆಯಲ್ಲೇ ಕಳೆಯಿತು. ಕೈಪಿಡಿ ಕೊಡುವ ತಪಾಸಣೆಯ ಸ್ಕ್ರಿಪ್ಟ್ ಓಡಿಸಿದಾಗ, ಡೆಬಿಯನ್ನಿನ ಮೂಲ ಶೆಲ್ (ಆಜ್ಞೆಗಳನ್ನು ಓದಿ ನಡೆಸುವ ಪ್ರೋಗ್ರಾಮ್) ಬ್ಯಾಶ್ ಅಲ್ಲ, ಡ್ಯಾಶ್ ಎಂಬುದೂ, ಪಠ್ಯ ಸಂಸ್ಕರಿಸುವ ಗಾಕ್ ಇರಬೇಕಾದಲ್ಲಿ ಅದರ ಬದಲಿ ಮಾಕ್ ಕೂತಿದೆ ಎಂಬುದೂ, ಕಟ್ಟುವ ಕೆಲಸಕ್ಕೆ ಬೇಕಾದ ಬೈಸನ್ ಇಲ್ಲವೇ ಇಲ್ಲ ಎಂಬುದೂ ತಿಳಿಯಿತು. ಅವನ್ನು ಸರಿಪಡಿಸಿ, ಅರ್ಧ ಜಿಬಿಗಿಂತ ತುಸು ಹೆಚ್ಚಿರುವ ಸೋರ್ಸ್ ಕಡತಗಳನ್ನು ಇಳಿಸಿಕೊಂಡು, ಅವುಗಳ ಎಂಡಿ5 ಮೊತ್ತವನ್ನು (ಕಡತದ ಒಳಗಿನದರಿಂದ ಲೆಕ್ಕಹಾಕಿದ, ಬೆರಳಚ್ಚಿನಂಥ ಗುರುತನ್ನು) ತಾಳೆ ನೋಡಿದೆವು.

ತಾಳೆಯಾಯಿತು ಎಂದರೆ ಕೈಪಿಡಿ ಹೇಳಿದ ಕಡತವೇ ನಮ್ಮ ಕೈಗೆ ಬಂದಿದೆ ಎಂದಷ್ಟೇ ಅರ್ಥ. ಆ ಕಡತ ಪ್ರಾಮಾಣಿಕವೇ ಎಂಬ ಪ್ರಶ್ನೆಗೆ ಎಂಡಿ5 ಉತ್ತರ ಕೊಡುವುದಿಲ್ಲ. ಕಡತಗಳನ್ನು ಕುಗ್ಗಿಸುವ ಎಕ್ಸ್‌ಝಡ್ ಪ್ಯಾಕೇಜಿನ 5.6.0 ಮತ್ತು 5.6.1 ಆವೃತ್ತಿಗಳಲ್ಲಿ ಹಿಂಬಾಗಿಲೊಂದನ್ನು (ಹೊರಗಿನವರು ಗುಟ್ಟಾಗಿ ನುಸುಳುವ ದಾರಿಯನ್ನು) ಅಡಗಿಸಿಟ್ಟ ಸಂಗತಿಯನ್ನು ತಂತ್ರಾಂಶ ಎಂಜಿನಿಯರ್ ಆಂಡ್ರೆಸ್ ಫ್ರಾಯಂಡ್ ಬಯಲಿಗೆ ತಂದದ್ದು 2024ರ ಮಾರ್ಚ್ 29ರಂದು. ಅದನ್ನು ಚಾಲೂ ಮಾಡುವ ಸ್ಕ್ರಿಪ್ಟಿನ ತುಣುಕು ಎಲ್ಲರೂ ನೋಡಬಹುದಾದ ಗಿಟ್ ಭಂಡಾರದಲ್ಲಿ ಇರಲಿಲ್ಲ, ಬಿಡುಗಡೆಯ ಟಾರ್ ಕಡತದೊಳಗೆ (ಸೋರ್ಸ್ ಕಡತಗಳನ್ನು ಒಟ್ಟಿಗೆ ಕಟ್ಟಿದ ಗಂಟಿನೊಳಗೆ) ಮಾತ್ರ ಇತ್ತು. ಸೋರ್ಸ್‌ನಿಂದ ಕಟ್ಟುವವರು ಇಳಿಸಿಕೊಳ್ಳುವುದು ಆ ಟಾರ್ ಕಡತವನ್ನೇ. ವಿಚಿತ್ರವೆಂದರೆ, ಡೆಬಿಯನ್ ಅಥವಾ ಆರ್‌ಪಿಎಂ ಮಾದರಿಯ ಸಿದ್ಧ ಪ್ಯಾಕೇಜ್ ತಯಾರಾಗುತ್ತಿದ್ದರೆ ಮಾತ್ರ ಆ ತುಣುಕು ಕೆಲಸಕ್ಕಿಳಿಯುತ್ತಿತ್ತು, ಕೈಯಾರೆ ಕಂಪೈಲ್ ಮಾಡುವವನನ್ನು ಅದು ಸುಮ್ಮನೆ ಬಿಟ್ಟುಬಿಡುತ್ತಿತ್ತು. ನಮ್ಮ ಪಟ್ಟಿಯಲ್ಲಿದ್ದದ್ದು ಆ ಹಗರಣದ ನಂತರ ಶುದ್ಧಗೊಂಡು ಬಂದ 5.6.2.

ಹೆಪ್ಪು ಮತ್ತು ಮೊಸರು

ಜಿಲಿಬ್‌ಸಿ ಎಂಬ ಸಿ ಲೈಬ್ರರಿಯನ್ನು ಕಂಪೈಲ್ ಮಾಡಲು ಜಿಸಿಸಿ ಬೇಕು. ಪೂರ್ಣ ಪ್ರಮಾಣದ ಜಿಸಿಸಿ ತಯಾರಾಗಲು ಜಿಲಿಬ್‌ಸಿ ಬೇಕು. ಮೊಸರಿಗೆ ಹೆಪ್ಪು ಬೇಕು, ಹೆಪ್ಪು ಎಂದರೆ ಮೊಸರೇ. ಮನೆಯಲ್ಲಿ ಇಲ್ಲದಿದ್ದಾಗ ಪಕ್ಕದ ಮನೆಯಿಂದ ಒಂದು ಚಮಚ ತರುತ್ತೇವಲ್ಲ, ಇಲ್ಲಿ ಆ ಪಕ್ಕದ ಮನೆ ಡೆಬಿಯನ್. ಅದರ ಕಂಪೈಲರಿನಿಂದ ಮೊದಲು ಬಿನ್‌ಯುಟಿಲ್ಸ್ ಕಟ್ಟಿ, ಬಳಿಕ ಕೈಕಾಲು ಕತ್ತರಿಸಿದಂಥ ಒಂದು ಜಿಸಿಸಿ ಕಟ್ಟುತ್ತೇವೆ. ಅದಕ್ಕೆ ಥ್ರೆಡ್ ಇಲ್ಲ, ಹಂಚಿಕೆಯ ಲೈಬ್ರರಿಗಳಿಲ್ಲ, ಸಿ ಲೈಬ್ರರಿ ಎಂಬುದೊಂದಿದೆ ಎಂದೂ ಅದಕ್ಕೆ ತಿಳಿಸಿರುವುದಿಲ್ಲ. ಆ ಅರೆಬರೆ ಜಿಸಿಸಿಯಿಂದ ಜಿಲಿಬ್‌ಸಿ, ನಂತರ ಸಿ ಪ್ಲಸ್ ಪ್ಲಸ್ ಲೈಬ್ರರಿ, ಆಮೇಲೆ ಬ್ಯಾಶ್, ಮೇಕ್, ಟಾರ್ ಮೊದಲಾದ ಸಣ್ಣ ಉಪಕರಣಗಳು, ತರುವಾಯ ಎರಡನೆಯ ಬಾರಿ ಜಿಸಿಸಿ. ಆಮೇಲೆ ಹೊಸ ಪಾರ್ಟಿಷನ್ನಿನೊಳಗೆ ಚ್‌ರೂಟ್ (ಆ ಪಾರ್ಟಿಷನ್ನನ್ನೇ ಇಡೀ ವ್ಯವಸ್ಥೆಯೆಂಬಂತೆ ತೋರಿಸುವ ಆಜ್ಞೆ) ಮೂಲಕ ಹೊಕ್ಕು, ಅಲ್ಲಿ ಮೂರನೆಯ ಬಾರಿ ಕಟ್ಟುವ ಜಿಸಿಸಿಯೇ ಅಂತಿಮವಾದದ್ದು.

ಹಳೆಯ ಮನೆಯ ಲೈಬ್ರರಿಗಳು ಹೊಸ ಮನೆಗೆ ನುಸುಳದಂತೆ ತಡೆಯಲು ಒಂದು ಜಾಣ ಉಪಾಯವಿದೆ. ಯಂತ್ರದ ಗುರುತಿನ ಹೆಸರಿನ ನಡುವೆ ಸಾಮಾನ್ಯವಾಗಿ ಪಿಸಿ ಎಂದು ಇರುವಲ್ಲಿ ಎಲ್‌ಎಫ್‌ಎಸ್ (ಲಿನಕ್ಸ್ ಫ್ರಮ್ ಸ್ಕ್ರ್ಯಾಚ್‌ನ ಮೊದಲಕ್ಷರಗಳು) ಎಂದು ಬರೆಯುತ್ತೇವೆ. ಪ್ರೊಸೆಸರ್ ಅದೇ ಆದರೂ ಹೆಸರು ಬೇರೆಯಾದ್ದರಿಂದ ಕಾನ್ಫಿಗರ್ ಸ್ಕ್ರಿಪ್ಟುಗಳು ಇದು ಬೇರೆ ಯಾವುದೋ ಯಂತ್ರಕ್ಕಾಗಿ ನಡೆಯುತ್ತಿರುವ ಕೆಲಸವೆಂದು ನಂಬಿ, ಆತಿಥೇಯ ವ್ಯವಸ್ಥೆಯ ಲೈಬ್ರರಿಗಳನ್ನು ಮುಟ್ಟುವುದಿಲ್ಲ. ಮುಟ್ಟಿಲ್ಲವೆಂದು ಖಚಿತಪಡಿಸಿಕೊಳ್ಳಲು, ಏನೂ ಮಾಡದ ಒಂದು ಸಾಲಿನ ಸಿ ಪ್ರೋಗ್ರಾಮನ್ನು ಕಂಪೈಲ್ ಮಾಡಿ, ಅದು ಯಾವ ಡೈನಮಿಕ್ ಲೋಡರನ್ನು (ಪ್ರೋಗ್ರಾಮ್ ಓಡುವಾಗ ಲೈಬ್ರರಿಗಳನ್ನು ಜೋಡಿಸಿಕೊಡುವ ಭಾಗವನ್ನು) ಕೇಳುತ್ತಿದೆ ಎಂದು ನೋಡುವ ಪರೀಕ್ಷೆಯಿದೆ. ಉತ್ತರ ಒಂದೇ ಸಾಲು. ಇಡೀ ಕೈಪಿಡಿಯಲ್ಲಿ ನನಗೆ ಬಹಳ ಹಿಡಿಸಿದ ಜಾಗ ಇದು, ಏಕೆಂದರೆ ತಪ್ಪಾಗಿದ್ದರೆ ಅದು ತಪ್ಪಾದ ಕಡೆಯೇ ಸಿಕ್ಕಿಬೀಳುತ್ತದೆ.

ಆದರೂ ಮೊದಲ ಚಮಚ ಹೆಪ್ಪು ಹೊರಗಿನದೇ. ಕಂಪೈಲರಿನೊಳಗೆ ಅಡಗಿಸಿಟ್ಟ ಮೋಸವು ಸೋರ್ಸ್‌ನಲ್ಲಿ ಕುರುಹೇ ಇಲ್ಲದೆ ಮುಂದಿನ ಕಂಪೈಲರಿಗೂ ದಾಟಬಲ್ಲದೆಂದು ಯುನಿಕ್ಸ್ ರೂಪಿಸಿದವರಲ್ಲಿ ಒಬ್ಬರಾದ ಕೆನ್ ಥಾಂಪ್ಸನ್ 1984ರಲ್ಲಿ ಪ್ರಕಟವಾದ ತಮ್ಮ ಟ್ಯೂರಿಂಗ್ ಪ್ರಶಸ್ತಿ ಉಪನ್ಯಾಸದಲ್ಲಿ ತೋರಿಸಿಕೊಟ್ಟಿದ್ದರು. ಆ ಚಮಚವನ್ನು ಆದಷ್ಟು ಚಿಕ್ಕದು ಮಾಡುವ ಹಟದಲ್ಲಿ ಗೀಕ್ಸ್ ಎಂಬ ಲಿನಕ್ಸ್ ಯೋಜನೆಯವರು 2023ರ ಹೊತ್ತಿಗೆ ಕೇವಲ 357 ಬೈಟ್‌ಗಳ ಒಂದು ಪ್ರೋಗ್ರಾಮಿನಿಂದ ಮೇಲೇರಿ ಇಡೀ ವ್ಯವಸ್ಥೆಯನ್ನು ಕಟ್ಟುವ ಮಾರ್ಗ ರೂಪಿಸಿದರು. ನಮ್ಮದು ಅಷ್ಟು ಕಟ್ಟುನಿಟ್ಟಿನ ಮಡಿಯಲ್ಲ; ಡೆಬಿಯನ್ನಿನ ಜಿಸಿಸಿಯನ್ನು ನಂಬಿಯೇ ನಡೆದೆವು.

ಕರೆಂಟ್ ಹೋದ ರಾತ್ರಿ

ಅಂತಿಮ ಜಿಲಿಬ್‌ಸಿ ಮುಗಿದ ರಾತ್ರಿ ಕರೆಂಟ್ ಹೋಯಿತು. ಯುಪಿಎಸ್ ಇರಲಿಲ್ಲ. ಮರುದಿನ ಯಂತ್ರ ಚಾಲೂ ಮಾಡಿ, ಪಾರ್ಟಿಷನ್ ಮೌಂಟ್ ಮಾಡಿ, ಚ್‌ರೂಟ್ ಹೊಕ್ಕು ಕೆಲಸ ಮುಂದುವರಿಸಿದೆ. ಝಡ್‌ಲಿಬ್, ಬಿಝಿಪ್2, ರೀಡ್‌ಲೈನ್, ಎಂ4, ಟಿಸಿಎಲ್ ಒಂದರ ಹಿಂದೊಂದು ತಕರಾರಿಲ್ಲದೆ ಮುಗಿದವು. ಎಕ್ಸ್‌ಪೆಕ್ಟ್ ಎಂಬ ಪ್ಯಾಕೇಜಿಗೆ ಬಂದಾಗ, ಅದಕ್ಕೂ ಮುಂಚೆ ಪೈಥಾನಿನಿಂದ ಮಾಡಬೇಕಾದ ಒಂದು ಸಾಲಿನ ಪರೀಕ್ಷೆ, ಹುಸಿ ಟರ್ಮಿನಲ್‌ಗಳು (ನಿಜವಾದ ಪರದೆ-ಕೀಲಿಮಣೆಯಂತೆ ನಟಿಸುವ ಸಾಧನಗಳು) ಮುಗಿದುಹೋಗಿವೆ ಎಂಬ ದೂರಿನೊಂದಿಗೆ ಬಿದ್ದುಹೋಯಿತು.

ಪರೀಕ್ಷೆ ಪೈಥಾನಿನದಾದ್ದರಿಂದ ಪೈಥಾನನ್ನೇ ಶಂಕಿಸಿ, ಹಿಂದಿನ ವಾರ ಕಟ್ಟಿದ್ದ ತಾತ್ಕಾಲಿಕ ಪೈಥಾನನ್ನು ಮತ್ತೊಮ್ಮೆ ಕಂಪೈಲ್ ಮಾಡಿದೆ. ಫಲ ಅದೇ. ನಿಜವಾದ ತಪ್ಪು ಬೆಳಿಗ್ಗೆ ಯಂತ್ರ ಚಾಲೂ ಮಾಡಿದ ಘಳಿಗೆಯದು: ಚ್‌ರೂಟ್ ಹೊಗುವ ಮೊದಲು ಡೆವ್, ಪ್ರಾಕ್, ಸಿಸ್ ಮುಂತಾದ ಕರ್ನಲ್‌ನ ತೋರಿಕೆಯ ಕಡತವ್ಯವಸ್ಥೆಗಳನ್ನೆಲ್ಲ ಮರಳಿ ಜೋಡಿಸಬೇಕಿದ್ದು, ನೆನಪಿನಿಂದ ಆಜ್ಞೆ ಕೊಡುವ ಭರದಲ್ಲಿ ಹುಸಿ ಟರ್ಮಿನಲ್‌ಗಳನ್ನು ಒದಗಿಸುವ ಡೆವ್‌ಪಿಟಿಎಸ್ ಒಂದನ್ನು ಬಿಟ್ಟಿದ್ದೆ. ನಡುವಿನ ಹತ್ತಾರು ಪ್ಯಾಕೇಜುಗಳಿಗೆ ಹುಸಿ ಟರ್ಮಿನಲ್ ಬೇಕಾಗಿರಲಿಲ್ಲ, ಆದ್ದರಿಂದ ಅವು ದೂರಲಿಲ್ಲ. ಈ ಪರೀಕ್ಷೆಯೇ ಇಲ್ಲದಿದ್ದರೆ ಇನ್ನೂ ಮುಂದೆ, ಬಿನ್‌ಯುಟಿಲ್ಸ್ ಮತ್ತು ಜಿಸಿಸಿಯ ಸಾವಿರಾರು ಪರೀಕ್ಷೆಗಳ ನಡುವೆ ಮುಗ್ಗರಿಸುತ್ತಿದ್ದೆವು, ಏಕೆಂದರೆ ಆ ಪರೀಕ್ಷೆಗಳನ್ನು ನಡೆಸುವುದೇ ಎಕ್ಸ್‌ಪೆಕ್ಟ್. ಇಂಥ ಸಂದರ್ಭದಲ್ಲಿ ಸ್ವತಃ ಎಕ್ಸ್‌ಪೆಕ್ಟ್ ಕೊಡುವ ಸಂದೇಶ ಇನ್ನೂ ಸ್ವಾರಸ್ಯದ್ದು: ಟರ್ಮಿನಲ್‌ಗಳು ಮುಗಿದಿವೆ, ಇನ್ನಷ್ಟು ಮಾಡಿಕೊಡುವಂತೆ ನಿಮ್ಮ ಸಿಸ್ಟಂ ಅಡ್ಮಿನಿಸ್ಟ್ರೇಟರನ್ನು ಕೇಳಿ, ಎನ್ನುತ್ತದೆ ಅದು. ಆ ಹುದ್ದೆಯಲ್ಲಿ ಇದ್ದವನು ನಾನೇ.

ಜಿಸಿಸಿಯ ಅಂತಿಮ ಸುತ್ತಿನಲ್ಲಿ ಇನ್ನೊಂದು ಅಡ್ಡಿ ಎದುರಾಯಿತು, ಅದನ್ನು ಚುಟುಕಾಗಿ ಹೇಳಬಹುದು. ನಾಲ್ಕು ಕೋರ್‌ಗಳನ್ನೂ ಏಕಕಾಲಕ್ಕೆ ದುಡಿಸುವಂತೆ ಹೇಳಿ ಊಟಕ್ಕೆ ಇಳಿದಿದ್ದೆ; ಬಂದು ನೋಡಿದರೆ ಕಂಪೈಲರ್ ಕೊಲ್ಲಲ್ಪಟ್ಟಿದೆ ಎಂದು ಬರೆದುಕೊಂಡು ಕೆಲಸ ನಿಂತಿತ್ತು. ಕಂಪೈಲರಿನ ದೋಷವೆಂದು ಓದಿಕೊಳ್ಳುವುದು ಸಹಜ. ಡೆಬಿಯನ್ ಕಡೆಯ ಕರ್ನಲ್ ಲಾಗ್ ತೆರೆದಾಗ ಮಾತ್ರ, ಮೆಮೊರಿ ಸಾಲದೆ ಕರ್ನಲ್ಲೇ ಆ ಪ್ರಕ್ರಿಯೆಯನ್ನು ಮುಗಿಸಿಹಾಕಿದ್ದು ತಿಳಿಯಿತು. 4 ಜಿಬಿ ರ‍್ಯಾಮ್, ಸ್ವಾಪ್ (ಮೆಮೊರಿ ಸಾಲದಾಗ ಬಳಸುವ ಡಿಸ್ಕಿನ ಜಾಗ) ಇಲ್ಲ, ಮೇಲೆ ಕೈಪಿಡಿ ಓದಲೆಂದು ತೆರೆದಿಟ್ಟ ಬ್ರೌಸರ್ ಬೇರೆ. ಸ್ವಾಪ್ ಕಡತ ಮಾಡಿ, ಕೆಲಸವನ್ನು ಎರಡು ಕೋರ್‌ಗಳಿಗೆ ಇಳಿಸಿ, ಬ್ರೌಸರ್ ಮುಚ್ಚಿ, ಕೈಪಿಡಿಯನ್ನು ಮೊಬೈಲಿನಲ್ಲಿ ಓದತೊಡಗಿದೆವು.

ಖಾಲಿ ಪಟ್ಟಿ

ಎಂಬತ್ತರ ಆಸುಪಾಸಿನ ಪ್ಯಾಕೇಜುಗಳು ಮುಗಿದು ಕರ್ನಲ್ ಸರದಿ ಬಂದಾಗ ನಾನು ಕೈಪಿಡಿಯ ದಾರಿ ಬಿಟ್ಟೆ. ಪ್ರಕರಣದ ದೊಡ್ಡ ತಪ್ಪು ಇದೇ. ಕರ್ನಲ್‌ನ ಪೂರ್ವನಿಯೋಜಿತ ಸಂರಚನೆಯಿಂದ ಹೊರಟು ಬೇಕಾದದ್ದನ್ನು ಆರಿಸಿಕೊಳ್ಳಿ ಎಂದು ಕೈಪಿಡಿ ಹೇಳುತ್ತದೆ. ಡಿಸ್ಕ್ ಎನ್‌ವಿಎಂಇ ಆಗಿದ್ದರೆ ಅದರ ಡ್ರೈವರನ್ನು ಕರ್ನಲ್ ಒಳಗೇ ಸೇರಿಸಿ ಎಂಬ ಸಣ್ಣ ಟಿಪ್ಪಣಿಯೂ ಅಲ್ಲಿದೆ. ನಾನು ಜಾಣತನ ತೋರಿಸಲು ಹೋಗಿ, ಡೆಬಿಯನ್ನಿನ ಸಂರಚನೆಯನ್ನೇ ನಕಲು ಮಾಡಿ, ಆ ಹೊತ್ತಿನಲ್ಲಿ ಓಡುತ್ತಿರುವ ಮಾಡ್ಯೂಲುಗಳನ್ನು (ಬೇಕಾದಾಗ ಕರ್ನಲ್‌ಗೆ ಸೇರಿಕೊಳ್ಳುವ ಬಿಡಿ ತುಣುಕುಗಳನ್ನು) ಮಾತ್ರ ಉಳಿಸಿ ಮಿಕ್ಕದ್ದನ್ನು ಕೈಬಿಡುವ ಲೋಕಲ್‌ಮಾಡ್‌ಕಾನ್ಫಿಗ್ ಎಂಬ ಸೌಲಭ್ಯವನ್ನು ಬಳಸಿದೆ. ಈ ಯಂತ್ರಕ್ಕೆ ಅಳತೆ ಹಿಡಿದು ಹೊಲಿದಂತಿದ್ದ ಕರ್ನಲ್ ಬಹುಬೇಗ ತಯಾರಾಯಿತು. ಯಂತ್ರ ಚಾಲೂ ಆದಾಗ ಯಾವ ವ್ಯವಸ್ಥೆ ಬೇಕೆಂದು ಕೇಳುವ ಡೆಬಿಯನ್ನಿನ ಗ್ರಬ್ ಪಟ್ಟಿಗೆ ಒಂದು ಹೊಸ ನಮೂದು ಸೇರಿಸಿ ರೀಬೂಟ್ ಮಾಡಿದೆ.

ಪರದೆಯ ತುಂಬ ಅಕ್ಷರಗಳು ಹರಿದು ನಿಂತವು. ರೂಟ್ ಸಾಧನವನ್ನು (ವ್ಯವಸ್ಥೆ ಕುಳಿತಿರುವ ಪಾರ್ಟಿಷನ್ನನ್ನು) ತೆರೆಯಲಾಗಲಿಲ್ಲ. ದಯವಿಟ್ಟು ಸರಿಯಾದ ರೂಟ್ ಆಯ್ಕೆಯನ್ನು ಕೊಡಿ, ಲಭ್ಯವಿರುವ ಪಾರ್ಟಿಷನ್‌ಗಳು ಇಂತಿವೆ. ಕೊನೆಗೆ, ಅಪರಿಚಿತ ಬ್ಲಾಕ್ (0,0), ಕರ್ನಲ್ ಪ್ಯಾನಿಕ್, ಅಂದರೆ ಕರ್ನಲ್ ಮುಂದೆ ಹೋಗಲಾರದೆ ನಿಂತ ಸ್ಥಿತಿ.

ಸರಿಯಾದ ರೂಟ್ ಆಯ್ಕೆ ಕೊಡಿ ಎಂದು ಕರ್ನಲ್ ತಾನಾಗಿ ಹೇಳುತ್ತಿರುವಾಗ ಬೇರೆಲ್ಲಿ ಹುಡುಕುವುದು? ಗ್ರಬ್ ನಮೂದಿನಲ್ಲಿ ಡಿಸ್ಕಿನ ಹೆಸರು ತಪ್ಪಾಗಿರಬೇಕೆಂದು ಅದನ್ನೇ ನಾಲ್ಕು ಬಗೆಯಲ್ಲಿ ತಿದ್ದಿದೆ. ಡೆಬಿಯನ್ನಿನ ನಮೂದಿನಲ್ಲಿ ಹೆಸರಿನ ಬದಲು ಯುಯುಐಡಿ ಎಂಬ ಗುರುತಿನ ಸಂಖ್ಯೆ ಇರುವುದನ್ನು ಕಂಡು, ನಮ್ಮದಕ್ಕೂ ಅದನ್ನೇ ಹಾಕಿದೆ. ಅದು ಇನ್ನೂ ನಿಷ್ಪ್ರಯೋಜಕ. ಕಡತವ್ಯವಸ್ಥೆಯ ಯುಯುಐಡಿಯನ್ನು ಓದಿ ಡಿಸ್ಕ್ ಗುರುತಿಸುವ ಕೆಲಸ ಇನಿಟ್‌ರಾಮ್‌ಎಫ್‌ಎಸ್‌ನೊಳಗಿನ (ಬೂಟ್ ಆಗುವಾಗ ಕರ್ನಲ್ ಜೊತೆ ಬರುವ ಪುಟ್ಟ ಗಂಟಿನೊಳಗಿನ) ಉಪಕರಣಗಳದು. ಕರ್ನಲ್ ಒಂಟಿಯಾಗಿ ಹೊರಟಾಗ ಅದಕ್ಕೆ ಅರ್ಥವಾಗುವುದು ಪಾರ್ಟಿಷನ್‌ನ ಯುಯುಐಡಿ ಮಾತ್ರ. ನಮ್ಮ ವ್ಯವಸ್ಥೆಯಲ್ಲಿ ಇನಿಟ್‌ರಾಮ್‌ಎಫ್‌ಎಸ್ ಇರಲೇ ಇಲ್ಲ. ಒಂದು ಇಡೀ ಸಂಜೆ ಹೀಗೆ ಹೋಯಿತು.

ಹುಡುಗ ಮೊಬೈಲಿನಲ್ಲಿ ಪರದೆಯ ಚಿತ್ರ ತೆಗೆದುಕೊಂಡಿದ್ದ. ಮರುದಿನ ಅದನ್ನು ಹಿಗ್ಗಿಸಿ ನೋಡುತ್ತ, “ಮಾಮ, ಪಾರ್ಟಿಷನ್‌ಗಳು ಇಂತಿವೆ ಅಂತ ಹೇಳಿ ಕೆಳಗೆ ಒಂದೂ ಬರೆದೇ ಇಲ್ಲವಲ್ಲ?” ಎಂದ. ನಾನು ಆ ಸಾಲನ್ನು ಹತ್ತು ಸಲ ಓದಿದ್ದೆ, ಅದರ ಕೆಳಗಿನ ಖಾಲಿ ಜಾಗವನ್ನು ಓದಿರಲಿಲ್ಲ. ಹೆಸರು ಮಾತ್ರ ತಪ್ಪಾಗಿದ್ದರೆ ಪಟ್ಟಿಯಲ್ಲಿ ಬೇರೆ ಹೆಸರುಗಳಾದರೂ ಇರಬೇಕಿತ್ತು. ಪಟ್ಟಿಯೇ ಖಾಲಿ ಎಂದರೆ ಕರ್ನಲ್‌ಗೆ ಡಿಸ್ಕೇ ಕಂಡಿಲ್ಲ.

ಅಲ್ಲಿಂದ ಮುಂದಿನದು ಬೇಗ ಬಿಡಿಸಿಕೊಂಡಿತು. ಡೆಬಿಯನ್ ತನ್ನ ಎನ್‌ವಿಎಂಇ ಡ್ರೈವರನ್ನು ಕರ್ನಲ್ ಒಳಗೆ ಇಡದೆ ಮಾಡ್ಯೂಲ್ ಆಗಿ ಇಡುತ್ತದೆ. ನೂರಾರು ಬಗೆಯ ಯಂತ್ರಗಳಲ್ಲಿ ಓಡಬೇಕಾದ ವ್ಯವಸ್ಥೆಗೆ ಅದು ಸರಿಯಾದ ಕ್ರಮ, ಏಕೆಂದರೆ ಅದಕ್ಕೆ ಬೇಕಾದ ಮಾಡ್ಯೂಲುಗಳನ್ನು ಇನಿಟ್‌ರಾಮ್‌ಎಫ್‌ಎಸ್ ಎಂಬ ಪುಟ್ಟ ಗಂಟಿನಲ್ಲಿ ಕಟ್ಟಿ, ಬೂಟ್ ಆಗುವಾಗ ಕರ್ನಲ್ ಜೊತೆಗೇ ಮೆಮೊರಿಗೆ ತಂದುಕೊಡುವ ಏರ್ಪಾಡಿದೆ. ನಾನು ಡೆಬಿಯನ್ನಿನ ಪಟ್ಟಿಯನ್ನು ತಂದೆ, ಗಂಟನ್ನು ತರಲಿಲ್ಲ. ಡಿಸ್ಕನ್ನು ಓದುವ ಮಾಡ್ಯೂಲ್ ಅದೇ ಡಿಸ್ಕಿನ ಮೇಲೆ ಕುಳಿತಿತ್ತು. ಬೀಗದ ಕೈ ಬೀರುವಿನೊಳಗೇ ಉಳಿದು ಬಾಗಿಲು ಮುಚ್ಚಿಕೊಂಡ ಸ್ಥಿತಿ.

ಡ್ರೈವರನ್ನು ಕರ್ನಲ್ ಒಳಗೆ ಸೇರಿಸಿ ಮತ್ತೆ ಬೂಟ್ ಮಾಡಿದಾಗ ಮತ್ತೊಮ್ಮೆ ಪ್ಯಾನಿಕ್. ಆದರೆ ಈ ಬಾರಿ ಆವರಣದೊಳಗೆ (259,3) ಎಂದಿತ್ತು. ಹುಡುಗನಿಗೆ ನಿರಾಸೆಯಾಯಿತು, ನನಗೆ ಆಗಲಿಲ್ಲ. 259 ಎಂಬುದು ಎನ್‌ವಿಎಂಇ ಪಾರ್ಟಿಷನ್‌ಗಳಿಗೆ ಸಿಗುವ ಸಂಖ್ಯೆ, 3 ನಮ್ಮ ಪಾರ್ಟಿಷನ್. ಅಂದರೆ ಕರ್ನಲ್ ಬಾಗಿಲ ತನಕ ಬಂದಿದೆ, ಒಳಗಿನದನ್ನು ಓದಲಾಗುತ್ತಿಲ್ಲ. ಡೆಬಿಯನ್ ಸಂರಚನೆಯಲ್ಲಿ ನಮ್ಮ ಪಾರ್ಟಿಷನ್ನಿನ ಕಡತವ್ಯವಸ್ಥೆಯಾದ ಇಎಕ್ಸ್‌ಟಿ4 ಕೂಡ ಮಾಡ್ಯೂಲೇ ಆಗಿದ್ದದ್ದು ಕಾರಣ. ಅದನ್ನೂ ಒಳಸೇರಿಸಿದ ಮೇಲೆ ಮೂರನೆಯ ಯತ್ನದಲ್ಲಿ ಲಾಗಿನ್ ಕೇಳಿತು. ಲೋಕಲ್‌ಮಾಡ್‌ಕಾನ್ಫಿಗ್ ಬದಲು, ಓಡುತ್ತಿರುವ ಮಾಡ್ಯೂಲುಗಳನ್ನೆಲ್ಲ ಕರ್ನಲ್ ಒಳಗೇ ಸೇರಿಸಿಬಿಡುವ ಲೋಕಲ್‌ಯೆಸ್‌ಕಾನ್ಫಿಗ್ ಅನ್ನು ಬಳಸಿದ್ದರೆ ಎರಡೂ ಪ್ಯಾನಿಕ್‌ಗಳು ತಪ್ಪುತ್ತಿದ್ದವು.

ಶುಕ್ರವಾರದ ಒತ್ತು

ಕನ್ನಡದ ಸ್ಥಳೀಕರಣ ಮಾಹಿತಿ (ದಿನ, ತಿಂಗಳ ಹೆಸರು ಮೊದಲಾದವು) ಜಿಲಿಬ್‌ಸಿಯ ಜೊತೆಗೇ ಬರುತ್ತದೆ. ಕೈಪಿಡಿ ಕೊಡುವ ಕನಿಷ್ಠ ಪಟ್ಟಿಯಲ್ಲಿ ಅದು ಇಲ್ಲದ್ದರಿಂದ ಪ್ರತ್ಯೇಕವಾಗಿ ಒಂದು ಆಜ್ಞೆ ಕೊಟ್ಟು ಸಿದ್ಧಪಡಿಸಿಕೊಳ್ಳಬೇಕು. ನಾವು ಅದನ್ನು ಮೊದಲೇ ಮಾಡಿಟ್ಟಿದ್ದೆವು. ಲಾಗಿನ್ ಆದ ದಿನ ಶುಕ್ರವಾರ. ದಿನದ ಪೂರ್ಣ ಹೆಸರು ಕೇಳಿದರೆ ಕನ್ಸೋಲಿನಲ್ಲಿ (ಬರಿ ಅಕ್ಷರಗಳ ಪರದೆಯಲ್ಲಿ) ಒಂದೇ ಬಗೆಯ ಗುರುತುಗಳ ಸಾಲು ಬಂತು. ಇದರಲ್ಲಿ ಯಾರ ತಪ್ಪೂ ಇಲ್ಲ: ಲಿನಕ್ಸ್ ಕನ್ಸೋಲಿನ ಫಾಂಟಿನಲ್ಲಿ ಹೆಚ್ಚೆಂದರೆ 512 ಆಕಾರಗಳಿಗೆ ಜಾಗ, ಅಕ್ಷರ ಕೂಡಿಸುವ ವಿದ್ಯೆ ಅದಕ್ಕೆ ಗೊತ್ತೇ ಇಲ್ಲ.

ಹಾಗಾಗಿ ಪರದೆಯ ಮೇಲೆ ಕಿಟಕಿಗಳನ್ನು ತೋರಿಸುವ ಎಕ್ಸ್ ವಿಂಡೋ ವ್ಯವಸ್ಥೆಯನ್ನು ಕಟ್ಟಬೇಕಾಯಿತು. ಇದಕ್ಕೆ ಪೂರಕ ಕೈಪಿಡಿ ಬೇರೆ ಇದೆ. ಅಲ್ಲಿಯೂ ಹೆಪ್ಪು-ಮೊಸರಿನ ಸಂಬಂಧ ಇನ್ನೊಂದು ರೂಪದಲ್ಲಿ ಎದುರಾಗುತ್ತದೆ. ಫಾಂಟಿನಿಂದ ಆಕಾರಗಳನ್ನು ಓದುವ ಫ್ರೀಟೈಪ್, ಅವುಗಳನ್ನು ಲಿಪಿಯ ನಿಯಮದಂತೆ ಕೂಡಿಸುವ ಹಾರ್ಫ್‌ಬಜ್, ಎರಡಕ್ಕೂ ಪರಸ್ಪರ ನಂಟು. ಮೊದಲು ಹಾರ್ಫ್‌ಬಜ್ ಇಲ್ಲದ ಫ್ರೀಟೈಪ್ ಕಟ್ಟಿ, ಅದರಿಂದ ಹಾರ್ಫ್‌ಬಜ್ ಕಟ್ಟಿ, ಮತ್ತೆ ಫ್ರೀಟೈಪನ್ನು ಹಾರ್ಫ್‌ಬಜ್ ಸಮೇತ ಕಟ್ಟುವುದು ಕ್ರಮ.

ನೋಟೊ ಸ್ಯಾನ್ಸ್ ಕನ್ನಡ ಫಾಂಟ್ ಹಾಕಿ, ಎಕ್ಸ್‌ಟರ್ಮ್ ಎಂಬ ಟರ್ಮಿನಲ್ ಕಿಟಕಿ ತೆರೆದು ದಿನದ ಹೆಸರು ಕೇಳಿದಾಗ ಹೆಚ್ಚುಕಡಿಮೆ ‘ಶುಕ್‌ರವಾರ’ ಎಂಬಂತೆ ಕಂಡಿತು. ಅಕ್ಷರಗಳು ಬಂದಿದ್ದವು; ಕಕಾರದ ಅಡಿಗೆ ಹೋಗಬೇಕಾದ ರಕಾರ ಪಕ್ಕದಲ್ಲಿ ತನ್ನ ಪಾಡಿಗೆ ನಿಂತಿತ್ತು. ಫ್ರೀಟೈಪನ್ನು ಎರಡನೆಯ ಬಾರಿ ಕಟ್ಟುವಾಗ ಎಡವಿದ್ದೇನೆಂದು ಖಾತ್ರಿಯಾಗಿ ನಂಬಿ, ಮೂರನೆಯ ಬಾರಿ ಕಟ್ಟಿದೆ. ಆಮೇಲೆ ಫಾಂಟ್ ಬದಲಿಸಿ ಲೋಹಿತ್ ಹಾಕಿದೆ. ಇಷ್ಟರ ಹೊತ್ತಿಗೆ ನೋಟ್‌ಬುಕ್ಕಿನ ಎಡ ಪುಟವನ್ನೇ ನಂಬಿ ಕೂರಬಾರದೆಂಬ ಬುದ್ಧಿ ಬರಬೇಕಿತ್ತು, ಬಂದಿರಲಿಲ್ಲ. ಎಕ್ಸ್‌ಟರ್ಮ್ ಹಾರ್ಫ್‌ಬಜ್ ಅನ್ನು ಬಳಸುವುದೇ ಇಲ್ಲ. ಅಕ್ಷರಗಳನ್ನು ಒಂದೊಂದೇ ಚೌಕದಲ್ಲಿ ಇಡುವುದಷ್ಟೇ ಅದರ ಪದ್ಧತಿ, ಕೆಳಗಿನ ಲೈಬ್ರರಿಗಳು ಎಷ್ಟೇ ಸರಿಯಿದ್ದರೂ ಅಲ್ಲಿ ಒತ್ತು ಕೂಡಿಕೊಳ್ಳುವುದಿಲ್ಲ. ಪ್ಯಾಂಗೋ ಎಂಬ ಪಠ್ಯ ಲೈಬ್ರರಿಯ ಮೂಲಕ ಹಾರ್ಫ್‌ಬಜ್ ಬಳಸುವ, ಜಿಟಿಕೆ ಎಂಬ ಕಿಟಕಿ-ಗುಂಡಿಗಳ ಲೈಬ್ರರಿ ಆಧಾರಿತ ಒಂದು ಚಿಕ್ಕ ಪಠ್ಯ ಸಂಪಾದಕವನ್ನು ಕಂಪೈಲ್ ಮಾಡಿ ದಿನದ ಹೆಸರನ್ನು ಒಂದು ಕಡತಕ್ಕೆ ಬರೆಸಿ ಅದರಲ್ಲಿ ತೆರೆದಾಗ ‘ಶುಕ್ರವಾರ’ ಎಂದೇ ಬಂತು.

ಟೈಪ್ ಮಾಡಲು ಪ್ರತ್ಯೇಕ ತಂತ್ರಾಂಶ ಹಾಕಲಿಲ್ಲ. ಎಕ್ಸ್ ವಿಂಡೋದ ಕೀಲಿಮಣೆ ಭಾಗವಾದ ಎಕ್ಸ್‌ಕೆಬಿಯ ಪಟ್ಟಿಯಲ್ಲಿ ಕನ್ನಡದ ಕಗಪ ವಿನ್ಯಾಸ ಇದ್ದೇ ಇದೆ. ‘ನುಡಿ’ ತಂತ್ರಾಂಶಕ್ಕೆ ಹೊಂದಿಕೊಂಡ ಬೆರಳುಗಳಿಗೆ ಇದು ತುಸು ಕಿರಿಕಿರಿ. ಕೀಲಿಯೊಂದಕ್ಕೆ ಒಂದು ಸಂಕೇತ ಕೊಡುವುದಷ್ಟೇ ಎಕ್ಸ್‌ಕೆಬಿಗೆ ಗೊತ್ತು, ಹಿಂದೆ ವ್ಯಂಜನವಿದೆಯೇ ಎಂದು ನೋಡಿ ಸ್ವರವನ್ನೋ ಸ್ವರಚಿಹ್ನೆಯನ್ನೋ ತಾನೇ ಆರಿಸುವ ಶಕ್ತಿ ಅದಕ್ಕಿಲ್ಲ.

ಯಂತ್ರ ಈಗ ಓಡುತ್ತಿದೆ, ಆದರೆ ನೆಟ್‌ವರ್ಕ್ ಕೇಬಲ್ ಜೋಡಿಸಿಲ್ಲ. ಭದ್ರತೆಯ ತಿದ್ದುಪಡಿಗಳನ್ನು ತಂದುಹಾಕುವ ಪ್ಯಾಕೇಜ್ ಮ್ಯಾನೇಜರ್ ಇಲ್ಲಿ ಯಾವುದೂ ಇಲ್ಲ. ಜಾಲ ಸಂಪರ್ಕವನ್ನು ಗೂಢಲಿಪಿಯಿಂದ ಕಾಯುವ ಓಪನ್‌ಎಸ್‌ಎಸ್‌ಎಲ್‌ನಲ್ಲಿ ಲೋಪವೊಂದು ಪ್ರಕಟವಾದರೆ ಅದನ್ನು ಕೈಯಾರೆ ಮತ್ತೆ ಕಟ್ಟಬೇಕು, ಜಿಲಿಬ್‌ಸಿ ಬದಲಿಸುವುದಂತೂ ಮನೆಯಲ್ಲಿ ವಾಸವಿದ್ದುಕೊಂಡೇ ಅಡಿಪಾಯ ತೆಗೆದಂತೆ. ಯಾವ ಪ್ಯಾಕೇಜ್, ಯಾವ ಆವೃತ್ತಿ, ಯಾವ ದಿನ ಕಟ್ಟಿದ್ದು ಎಂಬ ಪಟ್ಟಿಯನ್ನು ಹುಡುಗ ಅದೇ ಸಂಪಾದಕದಲ್ಲಿ ಕನ್ನಡದಲ್ಲಿ ಟೈಪ್ ಮಾಡಿ ಇಟ್ಟಿದ್ದಾನೆ. ಫ್ರೀಟೈಪ್ ಎದುರಿಗೆ ಮೂರು ದಿನಾಂಕಗಳಿವೆ; ಮೂರನೆಯದರ ಪಕ್ಕದಲ್ಲಿ, ಆವರಣದೊಳಗೆ, ‘ಬೇಕಿರಲಿಲ್ಲ’ ಎಂದು ಬರೆದಿದ್ದಾನೆ.